ಮಾಯದ ಹುಣ್ಣು ಮತ್ತು ಕಿರಿಯ ವೈದ್ಯರು
(ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ದಂಪತಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ಕಿರಿಯ ವೈದ್ಯರನ್ನು ಕಂಡು, "ಈ ಹುಡುಗನಿಗೆ ಏನು ತಿಳಿದೀತು?" ಎಂದು ತಾವು ಸಂಶಯಪಡುವುದುಂಟು. ಚರ್ಮದ ಕ್ಯಾನ್ಸರಿನ ಮಟ್ಟಿಗೆ ಈ ಸಂಶಯ ಪೂರ್ತಿ ನಿರಾಧಾರವೆಂದು ನಾನು ಹೇಳಲಾರೆ. ಅಂತಿಮ ಪರೀಕ್ಷೆಯ ನಂತರ ಅವರು ಪಡೆಯುವ ಒಂದು ವರ್ಷದ ಆಸ್ಪತ್ರೆ ತರಬೇತಿಯಲ್ಲಿ, 2021ರ ನಿಯಮಗಳಂತೆ, ಚರ್ಮರೋಗ ವಿಭಾಗಕ್ಕೆ ದೊರೆಯುವುದು ಒಂದು ವಾರ. ಕಜ್ಜಿ, ಹುಳುಕಡ್ಡಿಗಳನ್ನು ಆ ವಾರದಲ್ಲಿ ಧಾರಾಳವಾಗಿ ನೋಡುತ್ತಾರೆ. ಕ್ಯಾನ್ಸರ್ ರೋಗಿ ಒಬ್ಬರೂ ಬಾರದಿರಬಹುದು. ನಮ್ಮ ಜನರಲ್ಲಿ ಈ ರೋಗವು ವಿರಳ. ವಿರಳವಾದುದರಿಂದಲೇ ತಡವಾಗಿ ಪತ್ತೆಯಾಗುತ್ತದೆ. ಆದುದರಿಂದ ಹಿರಿಯರು ಅವರಿಗೆ ಮುಖ್ಯವಾಗಿ ಕಲಿಸಬೇಕಾದುದು ಸಂಶಯಪಡುವುದನ್ನು, ಸಂಶಯ ಬಂದೊಡನೆ ದೊಡ್ಡ ಆಸ್ಪತ್ರೆಗೆ ಕಳುಹಿಸುವುದನ್ನು.

ಮೊದಲ ಪಾಠ ಹಳೆಯ ಸುಟ್ಟ ಕಲೆಯದು. ಬಾಲ್ಯದಲ್ಲಿ ಒಲೆಯ ಬೆಂಕಿಯಿಂದಲೋ ಬರೆ ಹಾಕಿದ್ದರಿಂದಲೋ ಆದ ಕಲೆಯು 20-30 ವರ್ಷ ಸುಮ್ಮನಿದ್ದು, ಒಂದು ದಿನ ಬಿರಿದು ಹುಣ್ಣಾಗಬಹುದು. ಫ್ರಾನ್ಸ್ ದೇಶದ ಮಾರ್ಜೊಲಿನ್ ಎಂಬ ವೈದ್ಯನು 1828ರಲ್ಲಿ ಕಲೆಗಳ ಮೇಲೆ ಏಳುವ ಹುಣ್ಣುಗಳನ್ನು ವರ್ಣಿಸಿದನು. ಇಂದಿಗೂ ಅವಕ್ಕೆ ಅವನದೇ ಹೆಸರು. ಅಂಚು ಎದ್ದು ಗಟ್ಟಿಯಾಗಿದೆಯೇ, ಮುಟ್ಟಿದರೆ ರಕ್ತ ಒಸರುತ್ತದೆಯೇ, ಕಂಕುಳಲ್ಲಿ ಅಥವಾ ತೊಡೆಯ ಸಂದಿನಲ್ಲಿ ಗಂಟು ಕಟ್ಟಿದೆಯೇ ಎಂದು ವೈದ್ಯರು ನೋಡಬೇಕು. ಅಂಚಿನಿಂದ ಚೂರು ಮಾಂಸವನ್ನು ತೆಗೆದು ಪರೀಕ್ಷಿಸಿದಲ್ಲದೆ ನಿರ್ಣಯವಾಗದು. ಬೇಗ ಬಂದರೆ ಹುಣ್ಣನ್ನಷ್ಟೇ ಕೊಯ್ದು ತೆಗೆದರೆ ಸಾಕಾದೀತು. ಸೊಪ್ಪಿನ ರಸ ಹಚ್ಚುತ್ತ ವರ್ಷ ಕಳೆದರೆ ಕಾಲನ್ನೇ ತೆಗೆಯಬೇಕಾದೀತು.

ಎರಡನೆಯದು ಅಂಗಾಲು. ಚಳ್ಳಕೆರೆಯ ಕಾವಲುಗಳಲ್ಲಿ ಕುರಿ ಮೇಯಿಸುವವರಿಗೆ ಜಾಲಿಮುಳ್ಳು ಹೊಸದಲ್ಲ. ಅಂಗಾಲಿನಲ್ಲಿ ಕಪ್ಪು ಚುಕ್ಕೆ ಕಂಡರೆ ಮುಳ್ಳು ಚುಚ್ಚಿ ರಕ್ತ ಹೆಪ್ಪುಗಟ್ಟಿತೆಂದು ಭಾವಿಸುವುದು ಸಹಜ. ಅಂಥ ರಕ್ತವು ಕೆಲವು ವಾರಗಳಲ್ಲಿ ಮಾಸುತ್ತದೆ. ಉಗುರಿನ ಕೆಳಗಿನದಾದರೆ ಉಗುರಿನೊಡನೆ ಮುಂದಕ್ಕೆ ಸರಿಯುತ್ತದೆ. ಮಾಸದೆ ಹರಡುವ, ಅಂಚು ವಕ್ರವಾದ, ಬಣ್ಣ ಸಮನಾಗಿಲ್ಲದ ಕಲೆಯು ಮೆಲನೋಮಾ ಎಂಬ ಉಗ್ರ ಕ್ಯಾನ್ಸರ್ ಇರಬಹುದು. ಅಂಗಾಲು, ಉಗುರುಗಳೇ ನಮ್ಮವರಲ್ಲಿ ಅದರ ಅಡಗುತಾಣ.

ಸೊಂಟವನ್ನೂ ಮರೆಯಬಾರದು. ಪಂಚೆಯನ್ನು ಬಿಗಿಯಾಗಿ ಕಟ್ಟುವ ಜಾಗದಲ್ಲಿ ಕ್ಯಾನ್ಸರ್ ಉಂಟಾಗುವುದನ್ನು ಮುಂಬಯಿಯ ಡಾ. ಖಾನೋಲ್ಕರ್ 1945ರಲ್ಲಿಯೇ ವರದಿ ಮಾಡಿದ್ದರು. ಸ್ತ್ರೀಯರಲ್ಲಿಯೂ ಇದು ಕಂಡುಬಂದಿದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಇದರಲ್ಲಿ ಪಾಲಿಲ್ಲ. ದೋಷವಿರುವುದು ಬಿಗಿದ ಲಾಡಿಯಲ್ಲಿ.

ವೈದ್ಯರು ಎಷ್ಟೇ ಕಲಿತಿದ್ದರೂ ತಾವು ತೋರಿಸಿದುದನ್ನು ಮಾತ್ರ ನೋಡಬಲ್ಲರು. ತಮ್ಮ ಬೆನ್ನನ್ನು, ಅಂಗಾಲನ್ನು ತಾವೇ ನೋಡಿಕೊಳ್ಳುವುದು ಕಷ್ಟ. ಪತಿಪತ್ನಿಯರು ತಿಂಗಳಿಗೊಮ್ಮೆ ಪರಸ್ಪರ ನೋಡಬಹುದು. ಒಂದು ತಿಂಗಳಾದರೂ ಮಾಯದ ಹುಣ್ಣಿದ್ದರೆ ಇಬ್ಬರೂ ಜೊತೆಯಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಪತ್ನಿಗೆ ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನೋ ದಾದಿಯನ್ನೋ ಹತ್ತಿರ ನಿಲ್ಲಿಸಿಕೊಳ್ಳಬಹುದು. ಹುಣ್ಣು ಯಾವಾಗ ಆಯಿತು, ಅಲ್ಲಿ ಮೊದಲು ಸುಟ್ಟಿತ್ತೇ ಎಂಬುದನ್ನು ಮರೆಮಾಚದೆ ಹೇಳಿರಿ.

ವೈದ್ಯರು ಶಿಫಾರಸು ಚೀಟಿ ಬರೆದುಕೊಟ್ಟರೆ, "ಶೇಂಗಾ ಕೀಳುವ ಕೆಲಸ ಮುಗಿಯಲಿ" ಎಂದು ಮುಂದೂಡಬೇಡಿರಿ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಾಗಲಿ, ಮೊಳಕಾಲ್ಮೂರಿನವರು ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಹೋಗಬಹುದು. ಅಗತ್ಯವಿದ್ದರೆ ಮುಂದೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯುಂಟು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಅದಕ್ಕೂ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಹಿಂದಿರುಗಿದ ಮೇಲೆ ಪರೀಕ್ಷೆಯ ವರದಿಯನ್ನು ಅದೇ ಕಿರಿಯ ವೈದ್ಯರಿಗೆ ತೋರಿಸಿರಿ. ತಮ್ಮ ಸಂಶಯ ಸರಿಯಾಗಿತ್ತೇ ಎಂಬುದು ಅವರಿಗೆ ತಿಳಿಯುವುದು ಆಗಲೇ.