ಹಿಂದಕ್ಕೆ ನಡೆಸುವ ವಿದ್ಯೆ

ಇಂದಿನ ಭಾಷಣದ ಹೆಸರನ್ನು ಕೇಳಿ ಶ್ರೋತೃಗಳಲ್ಲಿ ಕೆಲವರಾದರೂ ನಕ್ಕಿರಬಹುದು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ನಡೆಸುವುದೂ ಒಂದು ವಿದ್ಯೆಯೇ, ಅದಕ್ಕೊಂದು ಭಾಷಣವೇ ಎಂದು ಕೇಳಬಹುದು. ಸ್ವಂತ ಕಾರನ್ನು ಮನೆಯ ಗೇಟಿನೊಳಕ್ಕೆ ಹಿಮ್ಮುಖವಾಗಿ ಸೇರಿಸುವಷ್ಟರಲ್ಲಿ ಬೆವರಿದ ಮಹನೀಯರು ಮಾತ್ರ ಈ ಪ್ರಶ್ನೆಯನ್ನು ಕೇಳಲಾರರೆಂದು ನಂಬಿ ಮುಂದುವರಿಯುತ್ತೇನೆ.

ಗದಗ ಜಿಲ್ಲೆಯ ರೋಣದ ಸೀಮೆಯಲ್ಲಿರುವ ಅಬ್ಬಿಗೇರಿ ಎರೆಭೂಮಿಯ ಊರು. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಬಿಳಿಜೋಳ. ಇವೆಲ್ಲ ಒಂದು ಕಾಲದಲ್ಲಿ ಚಕ್ಕಡಿಯ ಮೇಲೆ ಬರುತ್ತಿದ್ದವು. ಇಂತಹ ಊರುಗಳ ಹಳೆಯ ಓಣಿಗಳು ಚಕ್ಕಡಿಯ ಅಳತೆಗೆ ಬಿಟ್ಟವು. ಚಕ್ಕಡಿ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ಎತ್ತುಗಳ ಕೊರಳು ಹರಿದು, ನಾಲ್ಕು ಜನ ಸೇರಿ, ಬಂಡಿಯನ್ನು ಕೈಯಿಂದಲೇ ತಿರುಗಿಸಬಹುದಾಗಿತ್ತು. ಟ್ರ್ಯಾಕ್ಟರು ಹಾಗೆ ಕೈಗೆ ಬಗ್ಗುವುದಿಲ್ಲ. ತಿರುಗಲು ಸ್ಥಳವಿಲ್ಲದ ಓಣಿಯೊಳಕ್ಕೆ ಹಿಂದಕ್ಕೇ ಹೋಗಬೇಕು, ಇಲ್ಲವೇ ಹಿಂದಕ್ಕೇ ಬರಬೇಕು. ಮಳೆಯ ದಿನಗಳಲ್ಲಿ ದಾರಿಯಿಂದ ಒಂದು ಗಾಲಿ ಎರೆಗೆ ಇಳಿದರೆ ಮುಗಿಯಿತು, ಅದನ್ನೆಳೆಯಲು ಇನ್ನೊಂದು ಟ್ರ್ಯಾಕ್ಟರು ಬರಬೇಕು.

ಇದರ ಕಷ್ಟವೆಲ್ಲ ಇರುವುದು ಒಂದು ಕೊಂಡಿಯಲ್ಲಿ. ಎಳೆಯುವಾಗ ಟ್ರೇಲರು ಸಾಧುವಾದ ಹಸುವಿನಂತೆ ತಾನಾಗಿಯೇ ಹಿಂಬಾಲಿಸುತ್ತದೆ. ನೂಕುವಾಗ ಅದಕ್ಕೆ ಸ್ವಂತ ಬುದ್ಧಿ ಬರುತ್ತದೆ. ಕೊಂಡಿಯ ಬಳಿ ಕೂದಲೆಳೆಯಷ್ಟು ಸೊಟ್ಟಗಾದರೂ ಆ ಸೊಟ್ಟು ತಾನೇ ಬೆಳೆಯುತ್ತ ಹೋಗುವುದು. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟವನ್ನು ಬಾಲ್ಯದಲ್ಲಿ ಆಡಿದವರಿಗೆ ಇದರ ಸ್ವಭಾವ ತಿಳಿದೀತು. ಟ್ರೇಲರಿನ ಬಾಲ ಬಲಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು. ಬಾಲ ತಿರುಗಲಾರಂಭಿಸಿದ ಕೂಡಲೆ ಸ್ಟಿಯರಿಂಗನ್ನು ಬಲಕ್ಕೆ ತಂದು ಅದರ ಬೆನ್ನು ಹಿಡಿಯಬೇಕು. ತಡಮಾಡಿದರೆ ಎರಡೂ ಮೊಣಕೈಯಂತೆ ಮಡಿಚಿಕೊಂಡು, ಟ್ರೇಲರಿನ ಮೂಲೆ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ತಗಲುವುದು. ಆಮೇಲೆ ಎಷ್ಟು ಹಿಂದಕ್ಕೆ ನೂಕಿದರೂ ಸರಿಹೋಗದು. ಮುಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಂಡೇ ಮತ್ತೆ ಆರಂಭಿಸಬೇಕು. ವಿಚಿತ್ರವೆಂದರೆ, ಗಿಡ್ಡ ಟ್ರೇಲರು ಉದ್ದನೆಯದಕ್ಕಿಂತ ಬೇಗ ಮಡಿಚಿಕೊಳ್ಳುತ್ತದೆ. ನಾಲ್ಕು ಗಾಲಿಯ ಟ್ರೇಲರಿನಲ್ಲಿ ಮುಂದಿನ ಗಾಲಿಗಳೂ ತಿರುಗುವುದರಿಂದ ಕೀಲು ಎರಡಾಗಿ, ಒಮ್ಮೆ ತಲೆಕೆಳಗಾಗಿದ್ದ ನಿಯಮ ಮತ್ತೊಮ್ಮೆ ತಲೆಕೆಳಗಾಗುವುದು.

ನನ್ನ ಸೋದರಳಿಯನೊಬ್ಬನು ಅಬ್ಬಿಗೇರಿಯಲ್ಲಿ ಹಿರಿಯ ಚಾಲಕರೊಬ್ಬರಿಂದ ಇದನ್ನು ಕಲಿತನು. ಮೇಲೆ ನಾನು ಹೇಳಿದ ನಿಯಮವನ್ನು ಅವರಿಗೆ ಒಪ್ಪಿಸಿದಾಗ ಅವರು ಬಹು ಮರ್ಯಾದೆಯಿಂದ, "ಖರೇ ಐತ್ರಿ ಸರ್ರ. ಆದ್ರ ಅದು ಬಾಯಿಗೆ ಗೊತ್ತಿದ್ರ ಸಾಲೂದಿಲ್ಲ, ಕೈಗೆ ಗೊತ್ತಾಗಬೇಕ್ರಿ" ಎಂದರು. ಅವರು ಕಲಿಸಿದ ಕ್ರಮವನ್ನು ಅಧ್ಯಾಪಕನಾದ ನಾನು ಅಸೂಯೆಯಿಂದಲೇ ನೋಡಿದೆ. ಕಡಲೆ ಕಿತ್ತ ಬಯಲು ಹೊಲದಲ್ಲಿ ಖಾಲಿ ಟ್ರೇಲರು. ಮೊದಲ ಕೆಲವು ದಿನ ತಿರುಗಿಸುವ ಮಾತೇ ಇಲ್ಲ, ನೆಟ್ಟಗೆ ಹಿಂದಕ್ಕೆ ಹೋಗುವುದು ಮಾತ್ರ. ಬಳಿಕ ಕೈಯನ್ನು ಸ್ಟಿಯರಿಂಗಿನ ಕೆಳಭಾಗದಲ್ಲಿಟ್ಟು ಹಿಡಿಯುವ ಉಪಾಯ. ಹಾಗೆ ಹಿಡಿದರೆ ಕೈ ಯಾವ ಕಡೆಗೆ ಸರಿಯುವುದೋ ಟ್ರೇಲರಿನ ಬಾಲವೂ ಆ ಕಡೆಗೇ ಸರಿಯುವುದು, ಎಡಬಲಗಳ ಗೊಂದಲ ಅಲ್ಲಿಗೆ ತೀರಿತು. ಮೂರನೆಯ ಮಾತು ಇದು: "ತಮ್ಮಾ, ಸಂಶೇ ಬಂದ್ರ ಇಳದು ನೋಡು. ಇಳದು ನೋಡಿದ್ರ ಮರ್ಯಾದಿ ಏನೂ ಹೋಗಂಗಿಲ್ಲ." ಪಾಠಪೀಠದಿಂದ ಇಳಿದು ನೋಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಮಂದಿಗುಂಟು?

ಇದೇ ಕ್ರಮವನ್ನು ದೊಡ್ಡ ಪಂಡಿತರೂ ಅನುಸರಿಸಿದ್ದುಂಟು. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೆರಿಕ್ ನುಯೆನ್ ಮತ್ತು ಬರ್ನಾರ್ಡ್ ವಿಡ್ರೊ ಎಂಬವರು, ಟ್ರೇಲರ್ ಕಟ್ಟಿದ ಲಾರಿಯನ್ನು ಸರಕಿನ ಕಟ್ಟೆಗೆ ಹಿಮ್ಮುಖವಾಗಿ ಸೇರಿಸುವುದನ್ನು ಗಣಕಯಂತ್ರದೊಳಗಿನ ಕೃತಕ ನರಜಾಲಕ್ಕೆ ಕಲಿಸಿದರು. ಸೂತ್ರವನ್ನು ಬಾಯಿಪಾಠ ಮಾಡಿಸಲಿಲ್ಲ. ಲಾರಿ ಹೇಗೆ ಚಲಿಸುವುದೆಂಬುದನ್ನು ಮೊದಲು ಅರಿಯಗೊಟ್ಟು, ಕಟ್ಟೆಯ ಸಮೀಪದ ಸುಲಭ ನೆಲೆಯಿಂದ ಆರಂಭಿಸಿ ಮೆಲ್ಲಮೆಲ್ಲನೆ ದೂರದ ಕಠಿನ ನೆಲೆಗಳಿಗೆ ಒಯ್ದರು. ಸಾವಿರಾರು ಸಲ ಪ್ರಯತ್ನಿಸಿ ಅದು ಕಲಿತಿತು. ಅಬ್ಬಿಗೇರಿಯ ಚಾಲಕರು ಇವರ ಲೇಖನವನ್ನು ಓದಿದವರಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರನ್ನು ಟ್ರೇಲರಿನೊಡನೆ ಹಿಂದಕ್ಕೆ ಓಡಿಸುವ ಪಂದ್ಯಗಳೇ ನಡೆಯುತ್ತವೆ. ಎರಡೆರಡು ಟ್ರೇಲರಿನಲ್ಲಿ ಕಬ್ಬು ಸಾಗಿಸುವ ಸೀಮೆಯಲ್ಲಿ ಈ ಕೌಶಲಕ್ಕೆ ಚಪ್ಪಾಳೆ ದೊರೆಯುವುದು ನ್ಯಾಯವೇ. ಆದರೆ ಗೆಲವನ್ನು ವೇಗದಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಈ ವಿದ್ಯೆಯ ಜೀವ ನಿಧಾನದಲ್ಲಿದೆ. ಅದೂ ಅಲ್ಲದೆ ಪಂದ್ಯದ ದಾರಿಯ ಎರಡು ಬದಿಗೂ ಮಕ್ಕಳು ನಿಂತಿರುತ್ತಾರೆ.

ಮಕ್ಕಳ ಮಾತು ಬಂದುದರಿಂದ ಹೇಳುತ್ತೇನೆ. ಹೊಟ್ಟು, ಮೇವು ಹೇರಿದ ಟ್ರೇಲರಿನ ಹಿಂದೆ ಏನಿದೆಯೆಂಬುದು ಚಾಲಕನಿಗೆ ಕಾಣುವುದೇ ಇಲ್ಲ, ಕನ್ನಡಿಯಿಂದಲೂ ಪ್ರಯೋಜನವಿಲ್ಲ. ಓಣಿಯ ಹುಡುಗರಿಗೋ ಟ್ರೇಲರಿನ ಬಾಲಕ್ಕೆ ಜೋತುಬೀಳುವುದೆಂದರೆ ಹಬ್ಬ. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿಯೇ ಮುದುಕರು ಒರಗಿರುತ್ತಾರೆ. ಆದುದರಿಂದ ಸನ್ನೆ ಮಾಡುವವನೊಬ್ಬನು ಬೇಕು. ಒಬ್ಬನೇ ಇರಬೇಕು. ನಾಲ್ವರು ಕೂಗಿದರೆ ಚಾಲಕನು ಯಾರ ಮಾತನ್ನೂ ಕೇಳಲಾರನು. ಅವನು ಟ್ರೇಲರಿನ ನೇರ ಹಿಂದೆ ನಿಲ್ಲದೆ, ಚಾಲಕನಿಗೆ ತನ್ನ ಮುಖ ಕಾಣುವಂತೆ ಪಕ್ಕಕ್ಕೆ ನಿಲ್ಲಬೇಕು. ಆ ಮುಖ ಮರೆಯಾದ ಕ್ಷಣದಲ್ಲಿ ಗಾಡಿ ನಿಲ್ಲಬೇಕು.

ನನ್ನ ಸೋದರಳಿಯನು ಈಗ ಒಂದು ಸುಗ್ಗಿಯನ್ನು ಕಳೆದಿದ್ದಾನೆ. ಹಿತ್ತಿಲ ಬಾಗಿಲಿಗೆ ಎರಡೇ ಪ್ರಯತ್ನದಲ್ಲಿ ಟ್ರೇಲರನ್ನು ತಂದು ನಿಲ್ಲಿಸುತ್ತಾನೆ. ಹಾಗಿದ್ದರೂ ಓಣಿಯ ಬಾಯಿಯಲ್ಲಿ ಎಂಜಿನ್ನು ನಿಲ್ಲಿಸಿ, ಕೆಳಗಿಳಿದು, ಟ್ರೇಲರಿನ ಹಿಂಭಾಗವನ್ನು ಒಮ್ಮೆ ಸುತ್ತಿ ಬರದ ಹೊರತು ಅವನ ಗುರುಗಳು ಅವನನ್ನು ಹಿಂದಕ್ಕೆ ಬಿಡುವುದಿಲ್ಲ.