ನಮ್ಮೊಳಗಿನ ಭಾಷಣಕಾರರು

(ಮುಂಬಯಿಯ ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಓದಿದ ಭಾಷಣ)



ಈ ಹೊತ್ತು ಮಾತನಾಡಬೇಕಾಗಿದ್ದವರು ಊರಿನಿಂದ ಬರಲಿದ್ದ ಅತಿಥಿಗಳು. ಅವರಿಗೆ ಅನುಕೂಲವಾಗಲಿಲ್ಲ. ಆದಕಾರಣ ಕಾರ್ಯದರ್ಶಿಗಳು ನಮ್ಮನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ತಮಗೆ ನಿರಾಸೆಯಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಅತಿಥಿಗಳು ಬಾರದಿದ್ದರೆ ಸಭೆಯೇ ಇಲ್ಲವೆಂಬ ಸ್ಥಿತಿಗೆ ನಾವು ಬಂದುದು ಹೇಗೆ? ಇದನ್ನೇ ಇಂದು ವಿಚಾರ ಮಾಡೋಣ.

ರೋಟರಿ ಎಂಬ ಸೇವಾ ಕ್ಲಬ್ಬಿನ ಹೆಸರನ್ನು ತಾವು ಕೇಳಿದ್ದೀರಿ. ಹಲ್ಲುಗಾಲಿಯ ಗುರುತಿರುವ ಅದರ ಫಲಕವನ್ನು ರಸ್ತೆಯಲ್ಲಿ ಕಂಡು, ಅದು ದೊಡ್ಡವರ ಕೂಟ, ನಮಗೇನು ಸಂಬಂಧವೆಂದು ಮುಂದೆ ನಡೆದಿರುತ್ತೀರಿ. ಆದರೆ ಮೂಲವನ್ನು ನೋಡಿದರೆ ಸಂಬಂಧವಿದೆ. ಅದನ್ನು ಸ್ಥಾಪಿಸಿದ ಪಾಲ್ ಹ್ಯಾರಿಸ್ ಎಂಬ ವಕೀಲರು ಅಮೇರಿಕದ ವರ್ಮಾಂಟ್ ರಾಜ್ಯದ ಸಣ್ಣ ಊರೊಂದರಲ್ಲಿ ಬೆಳೆದವರು. 1896ರಲ್ಲಿ ಶಿಕಾಗೋ ಮಹಾನಗರಕ್ಕೆ ಬಂದರು. ಕೆಲಸ ದೊರೆಯಿತು, ಊರಿನ ಸಲಿಗೆ ದೊರೆಯಲಿಲ್ಲ. ರಜೆಯ ದಿನ ಚೌಪಾಟಿಯ ಮರಳಿನ ಮೇಲೆ ಒಬ್ಬರೇ ಕುಳಿತು ಬಂದ ನಮ್ಮವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1905ರ ಫೆಬ್ರುವರಿ 23ರಂದು ಅವರು ಮೂವರನ್ನು ಕೂಡಿಕೊಂಡರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಇನ್ನೊಬ್ಬರು ದರ್ಜಿ ಅಂಗಡಿಯವರು. ಎಂಜಿನಿಯರರ ಕಚೇರಿಯೇ ಸಭಾಮಂದಿರ. ಮುಂದೆ ಸರದಿಯ ಮೇಲೆ ಒಬ್ಬೊಬ್ಬರ ಕೆಲಸದ ಸ್ಥಳದಲ್ಲಿ ಸೇರತೊಡಗಿದರು. ಸಭೆ ಹೀಗೆ ಸುತ್ತುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂದಿತು. ನಮ್ಮ ದೇಶದಲ್ಲಿ ಮೊದಲ ಕ್ಲಬ್ಬು 1919ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತು.

ಅವರಲ್ಲಿ ಎಲ್ಲವೂ ಸರಿಯಿತ್ತೆಂದಲ್ಲ. ಸ್ತ್ರೀಯರಿಗೆ ಸದಸ್ಯತ್ವದ ಬಾಗಿಲನ್ನು ಜಗತ್ತಿನಾದ್ಯಂತ ತೆರೆಯಲು 1989ನೆಯ ಇಸವಿ ಬರಬೇಕಾಯಿತು. ಆದರೆ ಅವರಿಂದ ಕಲಿಯತಕ್ಕ ಒಂದು ಪದ್ಧತಿಯಿದೆ. ಒಂದೊಂದು ಕಸುಬಿನಿಂದ ಒಬ್ಬೊಬ್ಬರನ್ನು ಸೇರಿಸಿಕೊಳ್ಳುವುದು ಅವರ ಮೊದಲಿನ ನಿಯಮವಾಗಿತ್ತು. ಹೊಸದಾಗಿ ಬಂದ ಸದಸ್ಯರು ಒಂದು ದಿನ ಎದ್ದುನಿಂತು ತಮ್ಮ ಕಸುಬಿನ ವಿಚಾರವಾಗಿ ಮಾತನಾಡುವ ರೂಢಿಯೂ ಅನೇಕ ಕ್ಲಬ್ಬುಗಳಲ್ಲಿದೆ. ಹೊರಗಿನ ಅತಿಥಿಗಳು ಬರುತ್ತಾರೆ, ಹೋಗುತ್ತಾರೆ. ಮನೆಯ ಭಾಷಣಕಾರರು ಮನೆಯಲ್ಲಿಯೇ ಇರುತ್ತಾರೆ.

ನಮ್ಮಲ್ಲಿ ನಡೆದುದನ್ನು ಕೇಳಿರಿ. ಸದಸ್ಯರೊಬ್ಬರು ಒಂದು ಕಾರಖಾನೆಯಲ್ಲಿ ಎಂಟು ವರ್ಷ ದುಡಿದು ಕೆಲಸ ಬಿಟ್ಟರು. ಬಿಡುವಾಗ ಪ್ರಾವಿಡೆಂಟ್ ಫಂಡಿನ ಜೊತೆಗೆ ಪಿಂಚಣಿಯ ಹಣವನ್ನೂ ತೆಗೆದುಕೊಂಡುಬಿಟ್ಟರು. ಬಳಿಕ ಇನ್ನೊಂದು ಕಡೆ ಆರು ವರ್ಷ ದುಡಿದು 58 ತುಂಬಿ ಮನೆಗೆ ಬಂದರು. 1995ರ ನೌಕರರ ಪಿಂಚಣಿ ಯೋಜನೆಯ ಪ್ರಕಾರ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಮೊದಲು ಹಣ ತೆಗೆಯದೆ ಸ್ಕೀಮ್ ಸರ್ಟಿಫಿಕೇಟು ಪಡೆದು ಎರಡನೆಯ ಕೆಲಸದಲ್ಲಿ ಒಪ್ಪಿಸಿದ್ದರೆ ಎಂಟಕ್ಕೆ ಆರು ಕೂಡುತ್ತಿತ್ತು. ಬದುಕಿರುವವರೆಗೆ ಪಿಂಚಣಿ ಬರುತ್ತಿತ್ತು. ಅವರಿಗೆ ಇದು ತಿಳಿದಿರಲಿಲ್ಲ.

ಇದೇ ಬೆಂಚಿನ ಮೇಲೆ ಪ್ರತಿ ರವಿವಾರ ಅವರ ಪಕ್ಕದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದವರು ಇಂಥ ಅರ್ಜಿಗಳನ್ನೇ ತುಂಬುವ ಗುಮಾಸ್ತರು! ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಒಬ್ಬರ ಕೆಲಸವೇನೆಂಬುದು ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ. ಆ ತಿಂಗಳ ಸಭೆಯಲ್ಲಿ ನಾವು ಮಾಡಿದುದಾದರೂ ಏನು? ಅತಿಥಿಗಳಿಗೆ ಹಾರ ಹಾಕಿದೆವು, ಒಂದೂವರೆ ಗಂಟೆ ಕೇಳಿದೆವು, ಚಪ್ಪಾಳೆ ತಟ್ಟಿ ಲೋಕಲ್ ಗಾಡಿ ಹಿಡಿದೆವು. ಭಾಷಣ ಚೆನ್ನಾಗಿಯೇ ಇತ್ತು. ತಪ್ಪು ಅವರದಲ್ಲ, ನಮ್ಮದು. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತಾಯಿತು.

ಆದುದರಿಂದ ನಮ್ಮದೊಂದು ಸೂಚನೆ. ಇನ್ನು ಮುಂದೆ ಪ್ರತಿಯೊಂದು ಸಭೆಯಲ್ಲಿ ಮೊದಲ ಇಪ್ಪತ್ತು ನಿಮಿಷ ಒಬ್ಬ ಸದಸ್ಯರಿಗೆ ಮೀಸಲಾಗಲಿ. ಬ್ಯಾಂಕಿನಲ್ಲಿರುವವರು ಖಾತೆಗೆ ವಾರಸುದಾರರ ಹೆಸರು ಬರೆಸದಿದ್ದರೆ ಮನೆಯವರಿಗೆ ಆಗುವ ತೊಂದರೆಯನ್ನು ಹೇಳಲಿ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಸೋದರಿ, ರೋಗಿಯನ್ನು ಕರೆತರುವಾಗ ಯಾವ ಕಾಗದಪತ್ರ ಜೊತೆಗಿರಬೇಕೆಂದು ತಿಳಿಸಲಿ. ಹೋಟೆಲಿನ ಅಡಿಗೆಯವರು, ಬೆಳಗಿನ ಜಾವ ಒಲೆ ಹೊತ್ತಿಸುವ ಹುಡುಗರ ಸಂಬಳ, ರಜೆ, ಮಲಗುವ ಜಾಗ ಇವುಗಳ ಸಂಗತಿಯನ್ನು ನಮ್ಮ ಕಿವಿಗೆ ಹಾಕಲಿ. ಬಳಿಕ ಹತ್ತು ನಿಮಿಷ ಪ್ರಶ್ನೆಗಳು. ಹೇಳಿದುದನ್ನು ಒಂದು ದಪ್ಪ ವಹಿಯಲ್ಲಿ ಬರೆದು ಪತ್ರಿಕೆಗಳ ಮೇಜಿನ ಮೇಲಿಟ್ಟರೆ, ಬರಲಾಗದವರೂ ಓದಿಕೊಂಡಾರು. ರೋಟರಿಯವರಂತೆ ಊಟದ ಏರ್ಪಾಡು ನಮ್ಮಿಂದಾಗದು. ಒಂದೊಂದು ಲೋಟ ಚಹಾ ಸಾಕು.

ಭಾಷಣ ಮಾಡಲು ಬಾರದೆಂದು ಕೆಲವರು ಹಿಂಜರಿಯಬಹುದು. ಭಾಷಣ ಯಾರಿಗೆ ಬೇಕು? ಕುಳಿತುಕೊಂಡೇ ಹೇಳಿರಿ, ಮನೆಯಲ್ಲಿ ಆಡುವ ಮಾತಿನಲ್ಲಿಯೇ ಹೇಳಿರಿ. ಧಾರವಾಡದ ಮಾತಾದರೂ ಸರಿ, ಕುಂದಾಪುರದ ಮಾತಾದರೂ ಸರಿ. ಹೊರಗಿನ ಅತಿಥಿಗಳೂ ಬರಲಿ, ಅವರಿಗೆ ಸಲ್ಲುವ ಗೌರವ ಸಲ್ಲಲಿ. ಅವರು ಬಾರದ ದಿನವೂ ಈ ಕುರ್ಚಿಗಳು ತುಂಬಿರಲಿ.

ಇದೀಗ ಕಾರ್ಯದರ್ಶಿಗಳು, ಮುಂದಿನ ತಿಂಗಳು ಮಾತನಾಡುವವರು ಯಾರೆಂದು ಕೇಳಲಿದ್ದಾರೆ. ದಯವಿಟ್ಟು ಯಾರೂ ಹಿಂದಿನ ಸಾಲಿನ ಕಡೆಗೆ ತಿರುಗಿ ನೋಡಬಾರದೆಂದು ಬೇಡಿಕೊಳ್ಳುತ್ತೇವೆ.