ಎರಡು ಅಂಕಗಳ ನಡುವೆ

ದೂರದ ಊರುಗಳಿಂದ ಬಂದಿರುವ ತಾಯಿ-ತಂದೆಯರೇ, ಇಂದು ಪದವಿ ಪಡೆಯುತ್ತಿರುವ ಗೆಳೆಯರೇ,

ಎಲ್ಲರಿಗೂ ಅಭಿನಂದನೆ. ಚಿನ್ನದ ಪದಕ ಪಡೆದವರಿಗೆ ಎಷ್ಟೋ, ಬ್ಯಾಕ್‌ಲಾಗ್ ಮುಗಿಸಿ ಇಲ್ಲಿಗೆ ಬಂದು ಕೂತವರಿಗೂ ಅಷ್ಟೇ.

ನಾವಿರುವ ಈ ರಾಯಾಪುರದಿಂದ ಚಿಗರಿ ಬಸ್ಸು ಹತ್ತಿದರೆ ತುಸು ಹೊತ್ತಿಗೆ ಧಾರವಾಡ. ಅಲ್ಲಿ 2023ರ ಅಕ್ಟೋಬರಿನಲ್ಲಿ ಪುರುಷರ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿ ನಡೆಯಿತು. ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಂಥ ಟೂರ್ನಿಗಳಲ್ಲಿ ಆಡುವವರ ಸರ್ವ್, ಫೋರ್‌ಹ್ಯಾಂಡ್ ನೋಡಿದರೆ ಇವರಿಗೂ ವಿಂಬಲ್ಡನ್ ಗೆಲ್ಲುವವರಿಗೂ ಏನು ಅಂತರ ಎಂಬುದು ನಮ್ಮಂಥವರ ಕಣ್ಣಿಗೆ ಸುಲಭಕ್ಕೆ ಸಿಗುವುದಿಲ್ಲ. ಹಾಗಾದರೆ ಆ ಅಂತರ ಎಲ್ಲಿದೆ?

ಮೊದಲು ಒಂದು ಲೆಕ್ಕ ನೋಡೋಣ. ಟೆನಿಸ್ ದಿಗ್ಗಜ ರೋಜರ್ ಫೆಡರರ್ ತಮ್ಮ ವೃತ್ತಿಜೀವನದಲ್ಲಿ 1,526 ಸಿಂಗಲ್ಸ್ ಪಂದ್ಯಗಳನ್ನು ಆಡಿದರು. ಅದರಲ್ಲಿ ಶೇ 80ರ ಹತ್ತಿರ ಗೆದ್ದರು. ಅದೇ ಪಂದ್ಯಗಳಲ್ಲಿ ಅವರು ಗೆದ್ದ ಅಂಕಗಳು ಎಷ್ಟು ಗೊತ್ತೇ? ಶೇ 54 ಮಾತ್ರ. 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಈ ಲೆಕ್ಕವನ್ನು ಅವರೇ ಹೇಳಿದರು. ಅಂಥ ಆಟಗಾರನೂ ಹೆಚ್ಚುಕಡಿಮೆ ಎರಡರಲ್ಲಿ ಒಂದು ಅಂಕ ಬಿಟ್ಟುಕೊಟ್ಟಿದ್ದಾನೆ ಎಂದಾಯಿತು.

ಇನ್ನೊಂದು ಲೆಕ್ಕ ಇದಕ್ಕಿಂತ ವಿಚಿತ್ರ. 2019ರ ವಿಂಬಲ್ಡನ್ ಫೈನಲ್. ಐದನೇ ಸೆಟ್ಟಿನಲ್ಲಿ 8-7, 40-15. ಸರ್ವ್ ಫೆಡರರ್ ಕೈಯಲ್ಲಿ. ಎರಡರಲ್ಲಿ ಒಂದು ಅಂಕ ಬಂದರೆ ಕಪ್ ಅವರದು. ಎದುರಿಗಿದ್ದ ನೊವಾಕ್ ಜೊಕೊವಿಚ್ ಎರಡನ್ನೂ ಉಳಿಸಿಕೊಂಡರು, ಕೊನೆಗೆ ಪಂದ್ಯವನ್ನೂ ಗೆದ್ದರು. ಐದು ಗಂಟೆಗೆ ಮೂರೇ ನಿಮಿಷ ಕಡಿಮೆ ನಡೆದ ಆ ಆಟದಲ್ಲಿ ಫೆಡರರ್ ಪಡೆದ ಅಂಕ 218, ಜೊಕೊವಿಚ್ ಪಡೆದದ್ದು 204. ಹದಿನಾಲ್ಕು ಅಂಕ ಕಡಿಮೆ ಪಡೆದವನ ಕೈಗೆ ಕಪ್ ಬಂತು. ಯಾಕೆಂದರೆ ಮೂರು ಸೆಟ್‌ಗಳು ಟೈಬ್ರೇಕರ್‌ಗೆ ಹೋದವು, ಮೂರನ್ನೂ ಜೊಕೊವಿಚ್ ಅವರೇ ಗೆದ್ದರು.

ಟೆನಿಸ್‌ನಲ್ಲಿ ಒಂದು ಅಂಕ ಮುಗಿದ ಮೇಲೆ ಮುಂದಿನ ಸರ್ವ್‌ಗೆ ಇರುವ ಸಮಯ 25 ಸೆಕೆಂಡು. ಬೆವರು ಒರೆಸಿಕೊಳ್ಳಬಹುದು, ಚೆಂಡು ಆರಿಸಿಕೊಳ್ಳಬಹುದು. ಅಷ್ಟರೊಳಗೆ ಹೋದ ಅಂಕದ ಲೆಕ್ಕವನ್ನೂ ಚುಕ್ತಾ ಮಾಡಿಬಿಡಬೇಕು. ಮಹಾ ಆಟಗಾರನಿಗೂ ಅವನ ಎದುರಾಳಿಗೂ ನಡುವಿನ ಅಂತರ ಬಹುಮಟ್ಟಿಗೆ ಈ ಬಿಡುವಿನಲ್ಲಿದೆ. ಒಬ್ಬ ಹೋದ ಅಂಕವನ್ನು ಬೆನ್ನಿಗೆ ಕಟ್ಟಿಕೊಂಡೇ ಸರ್ವ್ ಮಾಡಲು ನಿಲ್ಲುತ್ತಾನೆ. ಇನ್ನೊಬ್ಬ ಅದರಿಂದ ಕಲಿಯಬೇಕಾದಷ್ಟು ಕಲಿತು, ಉಳಿದದ್ದನ್ನು ಅಲ್ಲೇ ಬಿಟ್ಟು ನಿಲ್ಲುತ್ತಾನೆ.

ಬದುಕಿನಲ್ಲಿ ಈ ಬಿಡುವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಗ್ಗುತ್ತದೆ. ಅದಕ್ಕೆ ಉದಾಹರಣೆಯಾಗಿ ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರನ್ನು ನೋಡಿ. ಕಾಫಿ ಬೆಳೆಗಾರರ ಮಗ. ಸಿಂಗಲ್ಸ್ ರ‍್ಯಾಂಕಿಂಗ್‌ನಲ್ಲಿ ಮೊದಲ ಇನ್ನೂರರೊಳಗೆ ಬರಲು ಆಗಲಿಲ್ಲ. ತಮ್ಮ ದೊಡ್ಡ ಸರ್ವ್‌ಗೆ ಸರಿಹೊಂದುವ ಡಬಲ್ಸ್ ಕಡೆಗೆ ಹೊರಳಿದರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿ ಸೋತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ನಾಲ್ಕನೇ ಸ್ಥಾನಕ್ಕೆ ನಿಂತರು. ಮುಂದಿನ ವರ್ಷ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಕೈಗೆ ಬಂತು, ಪುರುಷರ ಡಬಲ್ಸ್ ಕಿರೀಟ ಮಾತ್ರ ಬರಲಿಲ್ಲ. ಒಂದು ಹಂತದಲ್ಲಿ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಾಗದೆ, ಇನ್ನು ಸಾಕು ಎಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದರು.

ಆಮೇಲೆ ಅವರು ಮಾಡಿದ್ದು ಬರೀ ಹಟವಲ್ಲ. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಅಯ್ಯಂಗಾರ್ ಯೋಗಕ್ಕೆ ಮೊರೆಹೋದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ರೂಪಿಸಿದ ಪದ್ಧತಿ ಅದು. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆ ಹೊಸ ಜೋಡಿ ಕಟ್ಟಿದರು. 2023ರ ಅಮೆರಿಕ ಓಪನ್ ಫೈನಲ್‌ನಲ್ಲಿ ಮತ್ತೆ ಸೋಲು. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ವಯಸ್ಸು 43. ಅದೇ ವಯಸ್ಸಿನಲ್ಲಿ ಮೊದಲ ಬಾರಿಗೆ ಡಬಲ್ಸ್‌ನ ವಿಶ್ವ ನಂಬರ್ ಒನ್ ಆದರು. ಅಷ್ಟು ಹಿರಿಯ ವಯಸ್ಸಿನಲ್ಲಿ ಆ ಸ್ಥಾನಕ್ಕೇರಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ.

ಗೆಳೆಯರೇ, ತಾಳ್ಮೆಯಿಂದ ಕಾದರೆ ಎಲ್ಲರಿಗೂ ಕಪ್ ಸಿಗುತ್ತದೆ ಎಂದು ನಾನು ಹೇಳಲಾರೆ. ಸಿಗದವರೇ ಹೆಚ್ಚು. ಸೋತ ಮೇಲೆ ಮಾಡಲು ಕೆಲಸ ಇರುತ್ತದೆ ಎಂದಷ್ಟೇ ಹೇಳುತ್ತೇನೆ. ಬೋಪಣ್ಣ ಆಟದ ವಿಭಾಗ ಬದಲಿಸಿದರು, ದೇಹವನ್ನು ಪಳಗಿಸುವ ರೀತಿ ಬದಲಿಸಿದರು, ಜೊತೆಗಾರರನ್ನು ಬದಲಿಸಿದರು, ಆಟ ಬಿಡಲಿಲ್ಲ. ಏನನ್ನು ಬದಲಿಸಬೇಕು, ಏನನ್ನು ಬಿಡಬಾರದು ಎಂಬ ವಿವೇಕ ಸೋಲಿನ ಮರುದಿನವೇ ಬೇಕಾಗುತ್ತದೆ.

ನಾಳೆಯಿಂದ ನಿಮಗೆ ಇಂಟರ್‌ವ್ಯೂಗಳು, ಸ್ಪರ್ಧಾತ್ಮಕ ಪರೀಕ್ಷೆಗಳು, ಸಣ್ಣ ಸಂಬಳದ ಮೊದಲ ಕೆಲಸಗಳು ಎದುರಾಗುತ್ತವೆ. ಹಲವು ಕಡೆ ‘ಇಲ್ಲ’ ಎನ್ನಿಸಿಕೊಳ್ಳುತ್ತೀರಿ. ಆಗ ಒಂದು ರಾತ್ರಿ ಬೇಸರಪಡಿ, ತಪ್ಪಿಲ್ಲ. ಬೆಳಿಗ್ಗೆ ಎದ್ದು ಒಂದು ಹಾಳೆಯಲ್ಲಿ ಎಡವಿದ್ದೆಲ್ಲಿ ಎಂದು ಬರೆಯಿರಿ, ತಿದ್ದಲು ಆಗುವ ಒಂದನ್ನು ಆರಿಸಿ, ಅದನ್ನು ಆ ವಾರವೇ ಶುರು ಮಾಡಿ. ತಾಯಿ-ತಂದೆಯರಿಗೂ ಒಂದು ವಿನಂತಿ: ಮಕ್ಕಳು ಸೋತು ಮನೆಗೆ ಬಂದ ದಿನ ಪಕ್ಕದ ಮನೆಯವರ ಮಕ್ಕಳ ಸಂಬಳದ ಸುದ್ದಿ ಎತ್ತಬೇಡಿ. ಆ ಬಿಡುವನ್ನು ಅವರಿಗೆ ಬಿಟ್ಟುಕೊಡಿ.

ಹೋಗಿಬನ್ನಿ. ಚೆನ್ನಾಗಿ ಆಡಿ. ನಿಮಗೆಲ್ಲ ಒಳ್ಳೆಯದಾಗಲಿ.